'ಓವರ್‌ಕೋಟ್' ಓದಿ ಮಕಾರನಿಗೆ ಅಷ್ಟು ಸಿಟ್ಟು ಯಾಕೆ?

ಪ್ರಶ್ನೆ:
ದಾಸ್ತೊಯೆವ್‌ಸ್ಕಿಯ ಮೊದಲ ಕಾದಂಬರಿ 'ಪೂರ್ ಫೋಕ್' ಓದುತ್ತಿದ್ದೇನೆ. ಬಡ ಗುಮಾಸ್ತ ಮಕಾರ್ ಮತ್ತು ಅವನ ಆಪ್ತೆ ವಾರ್ವರಾ ಬರೆದುಕೊಳ್ಳುವ ಪತ್ರಗಳೇ ಇಡೀ ಕಾದಂಬರಿ. ಜುಲೈ 8ರ ಪತ್ರದ ಹತ್ತಿರ ನಿಂತುಬಿಟ್ಟೆ. ವಾರ್ವರಾ ಕಳಿಸಿದ ಗೊಗೊಲನ 'ಓವರ್‌ಕೋಟ್' ಓದಿ ಮಕಾರ್ ದೇವುಷ್ಕಿನ್ ಕೆಂಡವಾಗಿದ್ದಾನೆ. ವಾರದ ಹಿಂದಷ್ಟೇ ಪುಷ್ಕಿನನ 'ಸ್ಟೇಷನ್‌ಮಾಸ್ಟರ್' ಓದಿ, ನಾನೇ ಬರೆದ ಹಾಗಿದೆ ಅಂತ ಹಿಗ್ಗಿದವನು ಇವನೇ. 'ಓವರ್‌ಕೋಟ್'ನ ಗುಮಾಸ್ತ ಅಕಾಕಿ ಕಷ್ಟಪಟ್ಟು ಹೊಲಿಸಿದ ಕೋಟು ಕಳುವಾಗುವ ಕಥೆ ಓದಿ ನಾನು ಅತ್ತಿದ್ದೆ. ಬಡ ಗುಮಾಸ್ತನ ಪರವಾಗಿ ಬರೆದ ಕಥೆ ಅದು, ಅಲ್ವಾ? ಇನ್ನೊಬ್ಬ ಬಡ ಗುಮಾಸ್ತನಿಗೆ ಯಾಕೆ ಸೇರಲಿಲ್ಲ? ದಾಸ್ತೊಯೆವ್‌ಸ್ಕಿಗೆ ಗೊಗೊಲನನ್ನು ಕಂಡರೆ ಆಗುತ್ತಿರಲಿಲ್ಲವಾ?

ಉತ್ತರ 1:
ಹಾಗೇನಿಲ್ಲ. 'ಓವರ್‌ಕೋಟ್' ಬಂದಿದ್ದು 1842ರಲ್ಲಿ, ಈ ಕಾದಂಬರಿ 1846ರಲ್ಲಿ. ಆಗ ದಾಸ್ತೊಯೆವ್‌ಸ್ಕಿಗೆ 24 ವರ್ಷ. ಗೊಗೊಲನ ವಸ್ತುವನ್ನೇ ಎತ್ತಿಕೊಂಡಿದ್ದಾನೆ. ಅದೇ ಪೀಟರ್ಸ್‌ಬರ್ಗ್, ಅದೇ ಕಚೇರಿ, ದಿನವಿಡೀ ನಕಲು ಬರೆಯುವ ಅದೇ ಒಬ್ಬಂಟಿ. ಆದರೆ ಹೇಳುವ ಬಾಯಿ ಬೇರೆ.

ಅಕಾಕಿಯ ಸಂಬಳ ವರ್ಷಕ್ಕೆ 400 ರೂಬಲ್, ಹೊಸ ಓವರ್‌ಕೋಟಿಗೆ 80 ರೂಬಲ್ ಬೇಕು. ಅದಕ್ಕಾಗಿ ಸಂಜೆಯ ಚಹಾ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದಿಲ್ಲ, ಬೂಟಿನ ಅಟ್ಟೆ ಸವೆಯದಿರಲಿ ಅಂತ ತುದಿಗಾಲಲ್ಲಿ ನಡೆಯುತ್ತಾನೆ. ಓದುವ ನಮಗೆ ಅಯ್ಯೋ ಅನ್ನಿಸುತ್ತದೆ. ಮಕಾರನಿಗೆ? ಅವನೂ ಬೂಟು ಉಳಿಸಲು ತುದಿಗಾಲಲ್ಲಿ ನಡೆಯುವವನೇ! ಮೊದಲ ಪತ್ರದಲ್ಲೇ ನೋಡಿ, ಚಹಾ ಕುಡಿಯದಿದ್ದರೆ ಅಕ್ಕಪಕ್ಕದವರ ಮುಂದೆ ನಾಚಿಕೆ ಅಂತ ಅವರಿಗಾಗಿಯೇ ಕುಡಿಯುತ್ತಾನೆ. ಇಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಯಾರೋ ಅಚ್ಚು ಹಾಕಿಸಿ ಬೀದಿಯಲ್ಲಿಟ್ಟ ಹಾಗಾಯಿತು ಅವನಿಗೆ.

ಅಕಾಕಿಗೆ ಒಂದು ಮಾತು ಪೂರ್ತಿ ಆಡಲು ಬರುವುದಿಲ್ಲ. ಅವನ ಕಥೆಯನ್ನು ಬೇರೆಯವರು ಹೇಳಬೇಕು. ಮಕಾರ್ ತಾನೇ ಬರೆಯುತ್ತಾನೆ, ಓದುತ್ತಾನೆ, ಓದಿದ್ದರ ಜೊತೆ ಜಗಳ ಆಡುತ್ತಾನೆ. ದಾಸ್ತೊಯೆವ್‌ಸ್ಕಿ ಗೊಗೊಲನಿಗೆ ಕೊಟ್ಟ ಉತ್ತರ ಇದೇ ಅಂತ ನನ್ನ ನಂಬಿಕೆ. ಸೆಪ್ಟೆಂಬರ್ 9ರವರೆಗೆ ಓದಿ, ಮಕಾರನ ಕೋಟಿನ ಗುಂಡಿ ಕಿತ್ತು ಬೀಳುವ ಜಾಗ ಬರುತ್ತದೆ.

ಉತ್ತರ 2:
ಗೊಗೊಲನಿಗೆ ಅನ್ಯಾಯ ಮಾಡಬೇಡಿ. ಕಚೇರಿಯವರು ಕೈ ತಳ್ಳಿ ಬರೆಯಲು ಬಿಡದಿದ್ದಾಗ ಅಕಾಕಿ 'ನನ್ನನ್ನು ಬಿಟ್ಟುಬಿಡಿ' ಅನ್ನುತ್ತಾನೆ. ಹೊಸದಾಗಿ ಸೇರಿದ ಹುಡುಗನಿಗೆ ಅದರೊಳಗೆ 'ನಾನು ನಿನ್ನ ಒಡಹುಟ್ಟಿದವನು' ಅನ್ನುವುದು ಕೇಳಿಸುತ್ತದೆ. ಇಷ್ಟು ವರ್ಷವಾದರೂ ಆ ಸಾಲು ನನ್ನನ್ನು ಬಿಟ್ಟಿಲ್ಲ.

ಪ್ರಶ್ನೆ ಕೇಳಿದವರು:
ಗುಂಡಿಯ ಜಾಗ ಓದಿ ಬಂದೆ. ನಕಲಿನಲ್ಲಿ ಒಂದು ಸಾಲು ಬಿಟ್ಟದ್ದಕ್ಕೆ ದೊಡ್ಡ ಸಾಹೇಬರು ಕರೆಸುತ್ತಾರೆ. ದಾರಕ್ಕೆ ನೇತಾಡುತ್ತಿದ್ದ ಗುಂಡಿ ಕಿತ್ತು, ಪುಟಿದು, ಉರುಳಿ ಸೀದಾ ಅವರ ಕಾಲ ಬುಡಕ್ಕೆ! ಅದನ್ನು ಹಿಡಿಯಲು ಇವನು ಬಗ್ಗುತ್ತಾನೆ, ಅದು ಸಿಗುವುದಿಲ್ಲ. ಓದುತ್ತಾ ನನ್ನ ಕಿವಿ ಬಿಸಿಯಾಯಿತು. 'ಓವರ್‌ಕೋಟ್'ನಲ್ಲಿ, ಕಳುವಾದ ಕೋಟಿನ ವಿಷಯ ಹೇಳಲು ಹೋದಾಗ ದೊಡ್ಡ ಅಧಿಕಾರಿ ಗದರಿಸಿದ ಮೇಲೆ ಅಕಾಕಿ ಜ್ವರ ಬಂದು ಸತ್ತ. ಇಲ್ಲಿ ಸಾಹೇಬರು 100 ರೂಬಲ್ ಕೊಟ್ಟು ಕೈ ಕುಲುಕುತ್ತಾರೆ. ಜುಲೈ ಪತ್ರದಲ್ಲಿ ಮಕಾರ್ ಕೇಳಿದ್ದೂ ಹೆಚ್ಚುಕಡಿಮೆ ಇದೇ: ಅಕಾಕಿಗೆ ಕಳೆದ ಕೋಟು ಸಿಗಬೇಕಿತ್ತು, ಗದರಿಸಿದ ಆ ಜನರಲ್ ಅವನ ಒಳ್ಳೆಯತನ ತಿಳಿದು ಬಡ್ತಿ ಕೊಡಬೇಕಿತ್ತು. ದುಡ್ಡಿಗಿಂತ ಆ ಕೈ ಕುಲುಕಿದ್ದೇ ಅವನಿಗೆ ಜಾಸ್ತಿ.

ಉತ್ತರ 1:
ಹೌದು. ಆದರೆ ಆ 100 ರೂಬಲ್ ವಾರ್ವರಾಳನ್ನು ಉಳಿಸುವುದಿಲ್ಲ. ಅದೇ ತಿಂಗಳ ಕೊನೆಗೆ ಶ್ರೀಮಂತ ಜಮೀನ್ದಾರ ಬೀಕೊವನನ್ನು ಮದುವೆಯಾಗಿ ಅವನ ಜೊತೆ ಹೊರಟುಹೋಗುತ್ತಾಳೆ. ಕೊನೆಯ ಪತ್ರವನ್ನು ಒಬ್ಬರೇ ಕೂತು ಓದಿ. ನನ್ನ ಶೈಲಿ ಈಗಷ್ಟೇ ಒಂದು ಹದಕ್ಕೆ ಬರುತ್ತಿದೆ ಅಂತ ಬರೆಯುತ್ತಾನೆ ಮಕಾರ್. ಓದಲು ಅವಳಿಲ್ಲ.