ಹನ್ನೆರಡರ ಮಗಳ ಕೈಯಲ್ಲಿ ಯುದ್ಧದ ಚಿತ್ರಕಥೆ

ಮಣಿಪಾಲ, ಈಗ ಟೊರಾಂಟೊ:
ಎಲ್ಲರಿಗೂ ನಮಸ್ಕಾರ. ರಜೆಗೆ ಊರಿಗೆ ಬಂದಿದ್ದೇವೆ. ಹನ್ನೆರಡು ವರ್ಷದ ಮಗಳು ಅಲ್ಲಿನ ಲೈಬ್ರರಿಯಿಂದ ‘ಪರ್ಸೆಪೊಲಿಸ್’ ತಂದಿದ್ದಾಳೆ. ಮರ್ಜಾನ್ ಸತ್ರಪಿ ಇರಾನಿನ ತನ್ನ ಬಾಲ್ಯವನ್ನು ಕಪ್ಪು ಬಿಳುಪು ಚಿತ್ರಗಳಲ್ಲಿ ಹೇಳಿದ ಪುಸ್ತಕ. ಕಾಮಿಕ್ ಅಲ್ವಾ ಅಂತ ಸುಮ್ಮನಿದ್ದೆ. ಮೊನ್ನೆ ಅಜ್ಜಿ ತೆರೆದರೆ, ತುಂಡು ತುಂಡಾದ ಮನುಷ್ಯನ ಚಿತ್ರ! ಮನೆಯಲ್ಲಿ ರಂಪ. ರಾತ್ರಿ ಮಳೆಗೆ ಕರೆಂಟ್ ಹೋದಾಗ ಮಗಳು, "ಅಮ್ಮ, ಉಡುಪಿಗೂ ಬಾಂಬ್ ಬೀಳುತ್ತದಾ?" ಎಂದಳು. ಕಸಿದುಕೊಳ್ಳಲು ಮನಸ್ಸಿಲ್ಲ. ಇದರ ಸಿನಿಮಾ ಉಂಟಂತೆ. ತೋರಿಸಬಹುದಾ? ಯಾವ ಭಾಷೆ?

ಸುರತ್ಕಲ್, ಈಗ ಮೆಲ್ಬರ್ನ್:
ಅಕ್ಕ, ನನ್ನ ಮಗನೂ ಓದಿದ್ದಾನೆ. ಒಟ್ಟಿಗೆ ಕೂತು ಓದಿ, ಅಷ್ಟೇ. 1979ರ ಕ್ರಾಂತಿ, ಆಮೇಲೆ ಇರಾಕ್ ಜೊತೆ ಎಂಟು ವರ್ಷದ ಯುದ್ಧ, ಇಷ್ಟು ಮೊದಲೇ ಹೇಳಿದರೆ ಹೆದರಿಕೆ ಕಡಿಮೆ. ಬಡ ಹುಡುಗರಿಗೆ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕೀ ಕೊಟ್ಟು, ಯುದ್ಧದಲ್ಲಿ ಸತ್ತರೆ ಸ್ವರ್ಗದ ಬಾಗಿಲು ತೆರೆಯುತ್ತದೆ ಅನ್ನುವ ಪುಟ ಬರುತ್ತದೆ. ಅಲ್ಲಿ ನಿಲ್ಲಿಸಿ ಮಾತಾಡಿ. ಹದಿನಾಲ್ಕಕ್ಕೆ ಮರ್ಜಾನ್‌ಳನ್ನು ಒಬ್ಬಳನ್ನೇ ವಿಯೆನ್ನಾಕ್ಕೆ ಕಳಿಸುತ್ತಾರೆ. ಆ ವಿಯೆನ್ನಾದ ಭಾಗ ಎರಡು ಮೂರು ವರ್ಷ ಬಿಟ್ಟು ಕೊಡಿ. ಏರ್‌ಪೋರ್ಟಿನಲ್ಲಿ ತಾಯಿ ಮೂರ್ಛೆ ಹೋಗುವ ಚಿತ್ರ ನೋಡಿ ಅತ್ತದ್ದು ಮಗನಲ್ಲ, ನಾನು.

ಕಾಪು, ಮೊದಲು ಕುವೈತ್:
ಬಾಂಬಿನ ಪ್ರಶ್ನೆಗೆ ನಗಬೇಡಿ. 1990ರ ಆಗಸ್ಟ್ 2ರಂದು ನಾನು ಕುವೈತಿನಲ್ಲಿದ್ದೆ. ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕ್. ಕೂಡಿಟ್ಟ ದಿನಾರ್ ಕಾಗದದ ಚೂರು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಅಮ್ಮಾನ್, ಮರುಭೂಮಿಯ ಟೆಂಟಿನಲ್ಲಿ ಕಾಯುವುದು. ಏರ್ ಇಂಡಿಯಾ ಆಗ ಸುಮಾರು 1,70,000 ಜನರನ್ನು ತಂದಿತು. ಬೊಂಬಾಯಿಯಿಂದ ಊರಿಗೆ ಮತ್ತೆ ಬಸ್ಸು, ಕೊಂಕಣ ರೈಲು ಇನ್ನೂ ಇರಲಿಲ್ಲ. ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ, "ಊಟ ಆಯ್ತಾ?" ಮಗನಿಗೆ ಈ ಕಥೆ ಒಮ್ಮೆಯೂ ಹೇಳಲಿಲ್ಲ. ಈಗ ಅವನಿಗೆ ನಲವತ್ತು. ಕೇಳುವ ಪುರುಸೊತ್ತು ಇಲ್ಲ.

ಬೈಂದೂರು, ಈಗ ನ್ಯೂಜೆರ್ಸಿ:
ಕ್ಷಮಿಸಿ, ನೇರ ಹೇಳುತ್ತೇನೆ. ಇರಾನಿನ ಜಗಳ ನಮ್ಮ ಮಕ್ಕಳಿಗೆ ಯಾಕೆ? ಕನ್ನಡ ಓದಲು ಬರುತ್ತದಾ ಅದನ್ನು ನೋಡಿ ಮೊದಲು. ಕಾಮಿಕ್ ಒಂದು ಪುಸ್ತಕವಾ ಮಾರಾಯ್ರೆ? ಊರಲ್ಲಿದ್ದೀರಿ, ಒಂದು ಯಕ್ಷಗಾನದ ಆಟ ತೋರಿಸಿ. ನನ್ನ ಮಗಳು ಇಲ್ಲಿದ್ದೇ ಯಕ್ಷಗಾನ ಕಲಿತಳು, ಕಳೆದ ಯುಗಾದಿಗೆ ಚೆಂಡೆಗೆ ಸರಿಯಾಗಿ ಹೆಜ್ಜೆ ಹಾಕಿದಳು. ನಾನಂತೂ ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಐದನೇ ಕ್ಲಾಸಿನೊಳಗೆ ಊರಿಗೆ ವಾಪಸ್ ಹೋಗಿ.

ಸುರತ್ಕಲ್, ಈಗ ಮೆಲ್ಬರ್ನ್:
ಅಣ್ಣ, ಯಕ್ಷಗಾನದಲ್ಲಿ ಯುದ್ಧ ಇಲ್ವಾ? ಚಕ್ರವ್ಯೂಹದಲ್ಲಿ ಅಭಿಮನ್ಯುವನ್ನು ಕೊಂದದ್ದು ಎಷ್ಟು ಜನ ಸೇರಿ? ಅವನಿಗೂ ಹದಿನಾರೇ.

ಬೈಂದೂರು, ಈಗ ನ್ಯೂಜೆರ್ಸಿ:
ಅದು ಧರ್ಮಯುದ್ಧ.

ಕಿನ್ನಿಗೋಳಿ, ಈಗ ದುಬೈ:
ಹತ್ತು ವರ್ಷದಿಂದ ಹೇಳುವವರು ಇನ್ನೂ ನ್ಯೂಜೆರ್ಸಿಯಲ್ಲೇ ಇದ್ದೀರಲ್ಲ! ನಾವು ವಾಪಸ್ ಬಂದು ನೋಡಿದೆವು. ಮಂಗಳೂರಿನ ಶಾಲೆಯಲ್ಲಿ ಮಗ ಒಂದು ವರ್ಷ ಬಾಯಿ ಬಿಡಲಿಲ್ಲ, ತುಳುವಿನಲ್ಲಿ ತಮಾಷೆ ಮಾಡುತ್ತಿದ್ದರಂತೆ. ಮತ್ತೆ ದುಬೈಗೇ ಹೋದೆವು.

ಬೈಂದೂರು, ಈಗ ನ್ಯೂಜೆರ್ಸಿ:
ಮನೆಯಲ್ಲಿ ತುಳು ಮಾತಾಡಿದ್ದರೆ ಹಾಗಾಗುತ್ತಿರಲಿಲ್ಲ.

(ಇದರ ಕೆಳಗೆ ಮೂವತ್ತಕ್ಕಿಂತ ಜಾಸ್ತಿ ಉತ್ತರ, ಎಲ್ಲ ತುಳು ಮೇಲಾ ಕನ್ನಡ ಮೇಲಾ ಎಂದು.)

ಮಣಿಪಾಲ, ಈಗ ಟೊರಾಂಟೊ:
ಎಲ್ಲರಿಗೂ ಥ್ಯಾಂಕ್ಸ್. ಕಾಪು ಅಣ್ಣನ ಕಥೆ ಮಗಳಿಗೆ ಓದಿ ಹೇಳಿದೆ. ಟೆಂಟಿನಲ್ಲಿ ಊಟ ಎಂತ ಇತ್ತು ಅಂತ ಕೇಳುತ್ತಿದ್ದಾಳೆ. ಸಿನಿಮಾ ಯಾವ ಭಾಷೆ ಅಂತ ಯಾರೂ ಹೇಳಲಿಲ್ಲ.

ಸುರತ್ಕಲ್, ಈಗ ಮೆಲ್ಬರ್ನ್:
ಅಯ್ಯೋ, ಮರೆತೇ ಹೋಯಿತು. ಫ್ರೆಂಚ್, 2007ರದ್ದು. ಇಂಗ್ಲಿಷ್ ಡಬ್ಬಿಂಗೂ ಇದೆ. ಮೊದಲು ನೀವೊಬ್ಬರೇ ನೋಡಿ.

ಕಾಪು, ಮೊದಲು ಕುವೈತ್:
ಕುಬೂಸ್ ಅಂದರೆ ಅರಬರ ರೊಟ್ಟಿ, ಮತ್ತೆ ಟೊಮೆಟೊ. ಮಗಳಿಗೆ ಫೋನ್ ಮಾಡಲು ಹೇಳಿ, ಉಳಿದದ್ದು ನಾನೇ ಹೇಳುತ್ತೇನೆ.