ಅಪ್‌ಡೇಟ್: ಜಿಆರ್‌ಇ ಪದಗಳು ಈಗ ನೆನಪಲ್ಲಿ ಉಳೀತಿವೆ

ಮೂರು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ: ಜಿಆರ್‌ಇಗೆ (ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ) ದಿನಕ್ಕೆ 50 ಇಂಗ್ಲಿಷ್ ಪದ ಬಾಯಿಪಾಠ ಮಾಡ್ತೀನಿ, ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

‘ಪಟ್ಟಿ ಬಿಡಿ, ಪದದ ಬೇರು ನೋಡಿ’ ಅಂದ ಮಾತೇ ಜಾಸ್ತಿ ಕೆಲಸಕ್ಕೆ ಬಂತು. ಲ್ಯಾಟಿನ್‌ನಲ್ಲಿ ‘ಲೊಕ್ವಿ’ ಅಂದರೆ ಮಾತಾಡು. ಅಷ್ಟು ಗೊತ್ತಾದರೆ ಲೊಕ್ವೇಷಸ್ ಅಂದರೆ ವಾಚಾಳಿ, ಕಲೋಕ್ವಿಯಲ್ ಅಂದರೆ ಆಡುಮಾತಿನದು, ಸಲಿಲೊಕ್ವಿ ಅಂದರೆ ನಾಟಕದಲ್ಲಿ ಪಾತ್ರ ತನಗೆ ತಾನೇ ಆಡಿಕೊಳ್ಳುವ ಮಾತು. ಒಂದೇ ಬೇರಿಗೆ ಮೂರು ಪದ ಸಿಕ್ಕವು, ಅಲ್ವಾ!

ಎನರ್ವೇಟ್ ನನ್ನನ್ನು ತುಂಬಾ ದಿನ ಕಾಡಿತ್ತು. ಎನರ್ಜಿ ಥರ ಕೇಳಿಸುತ್ತೆ, ಅರ್ಥ ಮಾತ್ರ ಪೂರ್ತಿ ಉಲ್ಟಾ: ಶಕ್ತಿ ಕುಂದಿಸು. ಅದರೊಳಗೆ ಇರೋದು ಲ್ಯಾಟಿನ್‌ನ ‘ನೆರ್ವುಸ್’, ಅಂದರೆ ನರ. ನರ ತೆಗೆದುಹಾಕಿದ ಹಾಗೆ. ಅಮ್ಮ ‘ಯಾಕೋ ನರ ಸತ್ತವನ ಹಾಗೆ ಕೂತಿದ್ದೀಯ’ ಅಂತ ಬೈಯುವುದು ತಕ್ಷಣ ನೆನಪಾಯಿತು. ಆ ಪದ ಬರೆದ ಕಾರ್ಡಿನ ಹಿಂದೆ ಅದನ್ನೇ ಬರೆದಿಟ್ಟೆ. ಅವತ್ತಿಂದ ಒಂದು ಸಲವೂ ತಪ್ಪಿಲ್ಲ. ಎಫೆಮೆರಲ್ (ಅಂದರೆ ಸ್ವಲ್ಪ ಹೊತ್ತು ಮಾತ್ರ ಇರುವಂಥದ್ದು) ಕಾರ್ಡಿನಲ್ಲಿ ‘ಸಂಜೆಗೆ ಬಾಡುವ ದಾಸವಾಳ’ ಅಂತಿದೆ. ಅರ್ಥವನ್ನು ಕನ್ನಡದಲ್ಲೇ ಬರೆದುಕೊಂಡಿದ್ದು ನಿಜಕ್ಕೂ ದೊಡ್ಡ ಸಹಾಯ ಮಾಡಿತು.

ಈಗ ದಿನಕ್ಕೆ 12 ಪದ ಮಾತ್ರ. ಮಾರನೇ ದಿನ, ಮೂರನೇ ದಿನ, ವಾರದ ಮೇಲೆ ಮತ್ತೆ ನೋಡ್ತೀನಿ. ವಾಕ್ಯದಲ್ಲಿ ಬಿಟ್ಟ ಜಾಗ ತುಂಬುವ ಪ್ರಶ್ನೆಗಳಲ್ಲಿ ಇನ್ನೂ ತಡವರಿಸ್ತೀನಿ. ಪರೀಕ್ಷೆ ಮುಂದಿನ ತಿಂಗಳು. ಮುಗಿಸಿ ಬಂದು ಹೇಳ್ತೀನಿ.