ಸಹಾಯ ಬೇಕು: 14 ವರ್ಷದ ಮಗನಿಗೆ ಮನೆಯಲ್ಲೇ ಶಕ್ತಿ ವ್ಯಾಯಾಮ

ಎಲ್ಲರಿಗೂ ನಮಸ್ಕಾರ. ಮೈಕೈ ಗಟ್ಟಿ ಮಾಡಿಕೊಳ್ಳಬೇಕು ಅಂತ ಮಗನಿಗೇ ಆಸೆ ಹುಟ್ಟಿದೆ. ಈ ಹುರುಪು ಇರುವಾಗಲೇ ಸರಿಯಾಗಿ ಶುರು ಮಾಡಿಸಬೇಕು ಅನ್ನಿಸುತ್ತಿದೆ.

ಈ ವಯಸ್ಸಲ್ಲಿ ಭಾರ ಎತ್ತಿದರೆ ಎತ್ತರ ಬೆಳೆಯಲ್ಲ ಅಂತ ಮನೆಯ ಹಿರಿಯರಿಗೆ ಭಯ. ಸರಿಯಾದ ಭಂಗಿಯಲ್ಲಿ, ದೊಡ್ಡವರು ನೋಡಿಕೊಳ್ಳುತ್ತಾ ಮಾಡಿಸಿದರೆ ಬೆಳವಣಿಗೆಗೆ ತೊಂದರೆಯಿಲ್ಲ. 5ರಿಂದ 17 ವರ್ಷದವರಿಗೆ ವಾರಕ್ಕೆ ಕನಿಷ್ಠ 3 ದಿನ ಸ್ನಾಯು, ಮೂಳೆ ಗಟ್ಟಿಯಾಗುವಂಥ ಚಟುವಟಿಕೆ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕೂಡ. ಹಾಗಾಗಿ ಮಾಡಿಸಬೇಕೋ ಬೇಡವೋ ಅನ್ನುವ ಅನುಮಾನ ನನಗಿಲ್ಲ.

ಸದ್ಯಕ್ಕೆ ಡಂಬೆಲ್ ಬೇಡ ಅಂದಿದ್ದೇನೆ. ಸ್ಕ್ವಾಟ್ (ಬಸ್ಕಿಯಂತೆ ಕೂತು ಏಳುವುದು), ಪ್ಲ್ಯಾಂಕ್ (ಮುಂಗೈ, ಕಾಲ್ಬೆರಳು ಊರಿ ಮೈ ನೇರವಾಗಿ ಹಿಡಿದಿರುವುದು), ಪುಶ್ ಅಪ್ ಅಷ್ಟೇ. ಪುಶ್ ಅಪ್‌ನದ್ದೇ ತಲೆನೋವು. ನಾಲ್ಕೈದು ಆಗುವಷ್ಟರಲ್ಲಿ ಸೊಂಟ ಜೋತು ಬೀಳುತ್ತದೆ, ಮೊಣಕೈ ಎರಡೂ ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ಆದರೂ ಎಣಿಸುವುದು ಮಾತ್ರ ನಿಲ್ಲಿಸಲ್ಲ! ಗೋಡೆಗೆ ಕೈ ಕೊಟ್ಟು ಮಾಡು ಅಂದರೆ ತೀರಾ ಸುಲಭ ಅಂತ ಮುಖ ಊದಿಸುತ್ತಾನೆ. ಅಲುಗಾಡದ ಮೇಜಿನ ಅಂಚಿಗೆ ಕೈಯೂರಿ ಮಾಡಿಸಿದರೆ ನಡುವಿನ ಹಂತ ಆಗುತ್ತೆ ಅಲ್ವಾ? ಅಲ್ಲಿ ಎಷ್ಟು ಸಲ ಸೊಂಟ ಬಗ್ಗದಂತೆ ಮಾಡಿದ ಮೇಲೆ ನೆಲಕ್ಕೆ ಇಳಿಸಬಹುದು?

ಇನ್ನೊಂದು ವಿಷಯ. ಇವುಗಳಲ್ಲಿ ಎಳೆಯುವ ವ್ಯಾಯಾಮ ಒಂದೂ ಇಲ್ಲ. ಬೆನ್ನಿಗೆ ಅದೂ ಬೇಕಲ್ಲ, ಅದಕ್ಕೆ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ) ಸಾಕಾ? ಬ್ಯಾಂಡನ್ನು ಬಾಗಿಲಿಗೆ ಸಿಕ್ಕಿಸುವುದು ಸುರಕ್ಷಿತವೇ?

ಮರುದಿನದ ಮೈಕೈ ನೋವು ಮಾಮೂಲಿ, ಕೀಲು ನೋವು ಬಂದರೆ ನಿಲ್ಲಿಸು ಅಂತ ಅವನಿಗೆ ಹೇಳಿಟ್ಟಿದ್ದೇನೆ. ಈ ವಯಸ್ಸಿನ ಮಕ್ಕಳಿಗೆ ಮಾಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ.